ನಾನು ಫಿನಾಯಿಲ್ ಎಂದ ಸ್ಕಾಚು

ಊರು ಕೆಲವರಿಗೆ ಸುಮ್ಮಸುಮ್ಮನೆ ಒಂದು ಪದವಿ ಕೊಟ್ಟುಬಿಡುತ್ತದೆ. ಬೇಡ ಎನ್ನುವ ಧೈರ್ಯವಿಲ್ಲದವನು ಮುಂದೆ ಆ ಪದವಿಗೆ ತಕ್ಕ ಹಾಗೆ ನಡೆಯಲು ಹೋಗಿ ಎಡವುತ್ತಾನೆ. ನನಗೆ ಹಾವೇರಿಯವರು ಕೊಟ್ಟದ್ದು ಮೂಗಿನ ಪದವಿ. ಅಲ್ಲಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳುತ್ತಿದ್ದೆ. ಒಮ್ಮೆ ನಮ್ಮ ಕಾಲೇಜಿನ ಗುಮಾಸ್ತರು ಗುತ್ತಲದ ಸಂತೆಯಲ್ಲಿ ಕೊಂಡ ತುಪ್ಪದ ಡಬ್ಬಿಯನ್ನು ನನ್ನ ಮುಂದೆ ಹಿಡಿದು, "ಸರ, ಇದು ಖರೇ ತುಪ್ಪ ಹೌದೊ ಅಲ್ಲೊ, ನೋಡಿ ಹೇಳ್ರಿ" ಎಂದರು. ನಾನು ಗಂಭೀರವಾಗಿ ಮೂಸಿ, "ಅರ್ಧ ವನಸ್ಪತಿ" ಎಂದೆ. ಮರುದಿನ ಮಾರಿದವನೇ ಒಪ್ಪಿಕೊಂಡನಂತೆ. ನನಗೆ ಆ ದಿನ ವಿಪರೀತ ನೆಗಡಿಯಾಗಿತ್ತು, ತುಪ್ಪದ್ದಿರಲಿ, ಸುಟ್ಟ ರಬ್ಬರಿನ ವಾಸನೆಯೂ ಬರುವಂತಿರಲಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಅಲ್ಲಿಂದ ಮುಂದೆ ಜೇನುತುಪ್ಪ, ಇಂಗು, ಅರಿಶಿನ, ಬ್ಯಾಡಗಿಯ ಖಾರದ ಪುಡಿ ಎಲ್ಲವೂ ನನ್ನ ಮನೆಯ ಕಟ್ಟೆಗೆ ಬರತೊಡಗಿದವು. ಅರ್ಧದಷ್ಟು ಸಲ ನನ್ನ ಮಾತು ನಿಜವಾಗುತ್ತಿತ್ತು. ನಾಣ್ಯ ಚಿಮ್ಮಿದರೂ ಅಷ್ಟೇ ನಿಜವಾಗುತ್ತಿತ್ತು ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಿದ್ದಳು. ಆಕೆ ರಾಣೆಬೆನ್ನೂರಿನವಳು, ಮಾತು ಸ್ವಲ್ಪ ಕಡಿಮೆ, ಆಡಿದಾಗ ಪೂರ್ತಿ.

ಇದು ಎಂಬತ್ತರ ದಶಕದ ಕೊನೆಯ ಮಾತು. ಹಾವೇರಿ ಆಗ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ನಮ್ಮ ಮನೆಯಿಂದ ಮೂರನೆಯದು ದೇಸಾಯಿ ವಕೀಲರ ಮನೆ. ವಕೀಲರು ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಮನುಷ್ಯ. ಓಣಿಯಲ್ಲಿ ಯಾರಿಗೆ ಮೈಯಲ್ಲಿ ಆರಾಮಿಲ್ಲದಿದ್ದರೂ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ಯುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಮಾತ್ರ ಅವರ ಮನಸ್ಸು ಗಂಟು ಬಿದ್ದಿತ್ತು. ಅವರ ಒಬ್ಬಳೇ ತಂಗಿ ಶಾಂತಾ ಬ್ಯಾಡಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿ. ಆಕೆ ಗುತ್ತಲದ ದರ್ಜಿಯೊಬ್ಬರ ಮಗ ಮೋಹನನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಮೋಹನ ಸರಕು ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಎಂಟು ತಿಂಗಳು ಸಮುದ್ರ, ನಾಲ್ಕು ತಿಂಗಳು ಬ್ಯಾಡಗಿ. ಜಾತಿ ಬೇರೆ, ನೌಕರಿ ನೀರಿನ ಮೇಲಿನದು, ಮೇಲಾಗಿ ಅಣ್ಣನನ್ನು ಕೇಳಿರಲಿಲ್ಲ. ನಾಲ್ಕು ವರ್ಷ ದೇಸಾಯರು ತಂಗಿಯ ಹೆಸರೆತ್ತಲಿಲ್ಲ. ಅನಿವಾರ್ಯವಾದಾಗ 'ಬ್ಯಾಡಗಿ' ಎನ್ನುತ್ತಿದ್ದರು. "ಬ್ಯಾಡಗಿಯಿಂದ ಪತ್ರ ಬಂದದ, ಅವ್ವಗ ಕೊಡ್ರಿ" ಎನ್ನುವ ಹಾಗೆ. ಕೊನೆಗೆ ಅವರ ತಾಯಿ ಅಂಬಕ್ಕ, "ಮಗಳು ಅಳಿಯ ಈ ಮನಿ ಹೊಸ್ತಿಲಾ ತುಳಿಯೂತನಕ ನನಗ ಮಜ್ಜಿಗಿ ಬ್ಯಾಡ" ಎಂದು ವ್ರತ ಹಿಡಿದರು. ಮಜ್ಜಿಗೆಯಿಲ್ಲದೆ ಊಟ ಮುಗಿಸದ ಆ ಮುದುಕಿ ಹದಿನೆಂಟು ದಿನ ನೀರು ಕುಡಿದು ಏಳುವುದನ್ನು ನೋಡಿ ಮಗ ಸೋತರು. ಒಂದು ಭಾನುವಾರ ಶಾಂತಾ ಮತ್ತು ಮೋಹನ ಮೊದಲ ಸಲ ಮನೆಗೆ ಬಂದರು.

ಅಂದು ಹನ್ನೊಂದು ಗಂಟೆಯ ಹೊತ್ತಿಗೆ ದೇಸಾಯರು ತಾವೇ ನಮ್ಮ ಬಾಗಿಲಿಗೆ ಬಂದು, "ಮಾಸ್ತರ, ಸ್ವಲ್ಪ ಬರ್ರಿ, ನಿಮ್ಮ ಮೂಗಿನ ಕೆಲಸ ಅದ" ಎಂದರು. ಅವರ ಕಚೇರಿ ಕೋಣೆಯಲ್ಲಿ, ಕಾನೂನು ಪುಸ್ತಕಗಳ ನಡುವೆ, ಒಬ್ಬ ತೆಳ್ಳನೆಯ ಯುವಕ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಮುಂದೆ ಜೋಡಿಸಿಟ್ಟ ಎರಡು ಕೈ. ಅವನೇ ಮೋಹನ. ಮೇಜಿನ ಮೇಲೆ ಕಡುಹಸಿರು ಗಾಜಿನ ಒಂದು ಬಾಟಲಿ, ಮೂರು ಸ್ಟೀಲಿನ ಲೋಟ. ಅಡುಗೆಮನೆಯಿಂದ ಹೂರಣ ಕುದಿಯುವ ವಾಸನೆಯೂ ತಾಯಿ ಮಗಳು ಒಟ್ಟಿಗೆ ಮಾತಾಡುವ ಸದ್ದೂ ಬರುತ್ತಿದ್ದವು. ಇಬ್ಬರಿಗೂ ನಾಲ್ಕು ವರ್ಷದ ಮಾತು ಬಾಕಿಯಿತ್ತು, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿರಲಿಲ್ಲ. ದೇಸಾಯರು ಬಾಗಿಲು ಮುಂದೆ ಮಾಡಿದರು. ಅವರು ತಿಂಗಳಿಗೊಮ್ಮೆ ಎರಡು ಗುಟುಕು ಹಾಕುತ್ತಿದ್ದದ್ದು ಓಣಿಗೆಲ್ಲ ಗೊತ್ತಿತ್ತು. ಅಂಬಕ್ಕ ಅದನ್ನು 'ನಮ್ಮವನ ಸಂಧಿವಾತದ ಔಷಧ' ಎನ್ನುತ್ತಿದ್ದರು.

"ಇವರು ಸ್ಕಾಚ್ ತಂದಾರ," ಎಂದರು ದೇಸಾಯರು. 'ಇವರು' ಎಂದದ್ದರಲ್ಲಿ ಅಳಿಯನೂ ಇರಲಿಲ್ಲ, ಅತಿಥಿಯೂ ಇರಲಿಲ್ಲ, ಎದುರು ಪಕ್ಷದ ಸಾಕ್ಷಿದಾರ ಇದ್ದ. "ತೆರದ ಕೂಡಲೇ ಮನಿ ತುಂಬ ದವಾಖಾನಿ ವಾಸನಿ. ನಾನೂ ಒಂದೆರಡು ಸಲ ಸ್ಕಾಚ್ ಕುಡದೇನಿ. ಹಿಂಗ ಇರೂದಿಲ್ಲ. ನೀವು ನೋಡಿ ಹೇಳ್ರಿ."

ಮೋಹನ ಮೆಲ್ಲಗೆ, "ಅದು ಹಂಗ ಇರತೈತ್ರಿ ಭಾವ. ಅದು ಬ್ಯಾರೆ ಥರದ್ದು, ಒಂದ ಕಡೆ ಭಟ್ಟಿ ಇಳಿಸಿದ್ದು. ಹೊಗಿ ವಾಸನಿ ಬರಬೇಕರಿ ಅದಕ್ಕ," ಎಂದ.

ಈಗ ನಾನು ಮಾಡಬೇಕಾಗಿದ್ದ ಕೆಲಸ ಬಹಳ ಸಣ್ಣದು. 'ನಾನು ಇಂಥದ್ದನ್ನು ಹುಟ್ಟಿದಾಗಿನಿಂದ ನೋಡಿಲ್ಲರಿ, ಇವರು ಹೇಳಿದ್ದೇ ಖರೇ ಇರಬಹುದು' ಎಂದು ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಮದ್ಯದ ಜೊತೆ ನನ್ನ ಒಟ್ಟು ಪರಿಚಯವೆಂದರೆ ಚಿಕ್ಕವನಿದ್ದಾಗ ನೆಗಡಿಗೆ ನಮ್ಮ ಸೋದರತ್ತೆ ಎದೆಗೆ ತಿಕ್ಕಿದ ಬ್ರಾಂಡಿ. ಅದೂ ಹೊರಗಿನಿಂದ. ಆದರೆ ಸ್ಟಾಫ್ ರೂಮಿನಲ್ಲಿ ಒಮ್ಮೆ ಮಾತಿನ ಭರದಲ್ಲಿ, ಪುಣೆಗೆ ತರಬೇತಿಗೆ ಹೋದಾಗ ಅಸಲು ಸ್ಕಾಚ್ ರುಚಿ ನೋಡಿದ್ದೇನೆ ಎಂದುಬಿಟ್ಟಿದ್ದೆ. ಆ ಮಾತು ದೇಸಾಯರ ಕಿವಿಗೂ ಬಿದ್ದಿತ್ತು. ಹೀಗಾಗಿ ನಾನು ಲೋಟ ಎತ್ತಿದೆ. ಬೆಳಕಿಗೆ ಹಿಡಿಯೋಣವೆಂದರೆ ಅದು ಸ್ಟೀಲಿನ ಲೋಟ. ಆದರೂ ಹಿಡಿದೆ. ಮೂಗಿನ ಹತ್ತಿರ ತಂದೆ. ನೆಗಡಿ ಇರಲಿಲ್ಲ. ಆ ವಾಸನೆ ನನಗೆ ತಕ್ಷಣ ಸಿಕ್ಕಿತು. ಸುಟ್ಟ ಚಿಂದಿ, ಟಿಂಕ್ಚರ್, ನಡುವೆ ನನ್ನ ಪ್ರಯೋಗಶಾಲೆಯ ಕಪಾಟಿನ ಎರಡನೆಯ ಸಾಲಿನ ಒಂದು ಸೀಸೆ. ಇಪ್ಪತ್ತು ವರ್ಷ ನಾನು ತೆರೆದು ಮುಚ್ಚಿದ ಸೀಸೆ ಅದು. ಲೋಟ ತುಟಿಗೆ ಹಚ್ಚಿದೆ, ಕಣ್ಣು ಮುಚ್ಚಿದೆ, ಗಂಟಲು ಆಡಿಸಿದೆ, ಕೆಳಗಿಟ್ಟೆ.

"ಫಿನಾಲ್," ಎಂದೆ.

"ಅಂದರ?" ಎಂದರು ದೇಸಾಯರು.

"ಫಿನಾಯಿಲ್ ಜಾತಿಯ ವಸ್ತು ಇದರಾಗ ಐತ್ರಿ. ಯಾರೋ ಸ್ಪಿರಿಟ್ಟಿಗೆ ಬಣ್ಣಾ ಕಟ್ಟಿ ಖೊಟ್ಟಿ ಮಾಲು ತುಂಬ್ಯಾರ. ಕುಡಿಯೂದಂತೂ ಬ್ಯಾಡ. ಇಂಥಾದ್ರಿಂದ ಕಣ್ಣು ಹೋದಾವ."

ಕಣ್ಣಿನ ಮಾತು ಬೇಕಾಗಿರಲಿಲ್ಲ. ಪಾಠ ಹೇಳುವವನಿಗೆ ಕೊನೆಯಲ್ಲಿ ಒಂದು ಹೆಚ್ಚಿನ ಮಾಹಿತಿ ಸೇರಿಸುವ ಚಟ. ದೇಸಾಯರು ತಮ್ಮ ಲೋಟ ದೂರ ಸರಿಸಿದರು. ಆಮೇಲೆ ಕೋರ್ಟಿನ ದನಿಯಲ್ಲಿ, ಅಡುಗೆಮನೆಗೂ ಕೇಳುವಂತೆ, "ಫಿನಾಯಿಲ್ ಇರೂ ಜಾಗಾ ಬಚ್ಚಲ. ಅಲ್ಲೇ ಇಡ್ರಿ ಅದನ್ನ," ಎಂದರು. ಒಳಗಿನ ಮಾತಿನ ಸದ್ದು ನಿಂತಿತು.

ಮೋಹನ ವಾದ ಮಾಡಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ನನಗೆ ಇಂದು ಇಷ್ಟು ನೆನಪಿರುತ್ತಿರಲಿಲ್ಲ. ತಿಳಿದವರು ಎಂದು ನಂಬಿದವರ ಕಡೆ ನೋಡುವ ಹಾಗೆ ನೋಡಿದ, 'ಇನ್ನೊಮ್ಮೆ ನೋಡ್ರಿ' ಎನ್ನುವ ಹಾಗೆ. ನಾನು ಕಾನೂನು ಪುಸ್ತಕಗಳ ಬೆನ್ನಿನ ಮೇಲಿನ ಬಂಗಾರದ ಅಕ್ಷರ ಓದತೊಡಗಿದೆ. ಅವನು ಬಾಟಲಿ ತೆಗೆದುಕೊಂಡು, ಹಿತ್ತಲ ದಾರಿ ಕೇಳಿ, ಬಚ್ಚಲಿಗೆ ಹೋಗಿ ತಾನೇ ಸುರಿದ. ಗಳಗಳ ಸದ್ದು ಬಹಳ ಹೊತ್ತು ಕೇಳಿಸಿತು. ಸಣ್ಣ ಬಾಯಿಯ ಬಾಟಲಿ ಅದು. ಅರ್ಧ ಗಂಟೆಯಲ್ಲಿ ಗಂಡ ಹೆಂಡತಿ ಬಸ್ ನಿಲ್ದಾಣದ ಕಡೆಗೆ ನಡೆದಿದ್ದರು. ಹೋಳಿಗೆ ಒಲೆಯ ಮೇಲೆಯೇ ಇತ್ತು. ಶಾಂತಾ ಹೊರಡುವಾಗ ಅಣ್ಣನಿಗೆ ಇಷ್ಟೇ ಹೇಳಿದಳಂತೆ: "ಅವರು ಸುಳ್ಳು ಹೇಳೂ ಮನಷ್ಯಾ ಅಲ್ಲಣ್ಣ. ನೀ ಹೊರಗಿನವರನ್ನ ಕರಿಸಿ ಕೇಳಬಾರದಿತ್ತು."

ಆ 'ಹೊರಗಿನವರು' ಮನೆಗೆ ಬಂದು, ಮೀಸೆ ಒರೆಸಿಕೊಂಡು, ಹೆಂಡತಿಗೆ ಪರಾಕ್ರಮ ವರ್ಣಿಸಿದರು. ಸುಮಿತ್ರಾ ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿದಳು. "ಖೊಟ್ಟಿ ಅಂತ ತಿಳಿಬೇಕಾದರ ಮೊದಲ ಖರೇದು ಹೆಂಗಿರತೈತಿ ಅಂತ ಗೊತ್ತಿರಬೇಕಲ್ಲ. ನೀವು ಎಂದ ನೋಡೀರಿ?" ಎಂದಳು. ರಸಾಯನಶಾಸ್ತ್ರಕ್ಕೆ ಅದರ ಅವಶ್ಯಕತೆ ಇಲ್ಲವೆಂದು ನಾನು ವಿವರಿಸಿದೆ. ಆಕೆ ಒಂದು ಹುಳುಕು ಕಾಯಿಯನ್ನು ಆರಿಸಿ ಪಕ್ಕಕ್ಕೆ ಒಗೆದಳು.

ಮುಂದಿನ ಎರಡು ವರ್ಷ ನನ್ನ ಕೀರ್ತಿ ಏರುತ್ತಲೇ ಹೋಯಿತು. ಫಾರಿನ್ ಸ್ಕಾಚಿನ ಮೋಸ ಹಿಡಿದ ಮಾಸ್ತರ ಎಂದು ನನ್ನನ್ನು ಮದುವೆ ಮನೆಗಳಲ್ಲಿ ಪರಿಚಯಿಸುತ್ತಿದ್ದರು. ನಾನೂ ಕಥೆಯನ್ನು ಅಷ್ಟಿಷ್ಟು ಉದ್ದ ಮಾಡಿಕೊಂಡಿದ್ದೆ. ಅದರ ಒಂದು ಪಾಠಾಂತರದಲ್ಲಿ ಮೋಹನ ನನ್ನ ಮುಂದೆ ಬೆವರಿ ತಪ್ಪೊಪ್ಪಿಕೊಳ್ಳುತ್ತಿದ್ದ. ಇನ್ನು ಅಂಬಕ್ಕ ಮತ್ತೆ ಮಜ್ಜಿಗೆ ಕುಡಿಯತೊಡಗಿದರು, ಹೊಸ್ತಿಲು ತುಳಿದದ್ದಂತೂ ಆಗಿತ್ತಲ್ಲ. ಆದರೆ ಅವರಿಗೆ ಒಮ್ಮೆಲೆ ಕಾಗಿನೆಲೆಯ ಭಕ್ತಿ ಹುಟ್ಟಿತು. ಪ್ರತಿ ಅಮಾವಾಸ್ಯೆಗೆ ಒಂದು ಕೈಚೀಲದಲ್ಲಿ ಚಕ್ಕುಲಿ, ಉಂಡೆ, ಶೇಂಗಾ ಹೋಳಿಗೆ ತುಂಬಿಕೊಂಡು ಮುಂಜಾನೆ ಬಸ್ಸಿಗೆ ಹೊರಡುತ್ತಿದ್ದರು. ಎಪ್ಪತ್ತರ ಮುದುಕಿ ದೇವರ ನೈವೇದ್ಯಕ್ಕೆ ಇಷ್ಟೊಂದು ಹೊತ್ತು ಒಯ್ಯುವುದೇಕೆ ಎಂದು ನಾನು ಅಚ್ಚರಿಪಟ್ಟಾಗ ಸುಮಿತ್ರಾ, "ಕಾಗಿನೆಲಿಯಿಂದ ಬ್ಯಾಡಗಿಗೆ ಬಸ್ ಐತ್ರಿ," ಎಂದಳು. ಮಗ ಕೇಳಬಾರದೆಂದು, ಸುಳ್ಳೂ ಆಗಬಾರದೆಂದು ಅಂಬಕ್ಕ ಮೊದಲು ಕಾಗಿನೆಲೆಯಲ್ಲಿಳಿದು ಕೈಮುಗಿದು, ಆಮೇಲೆ ಬ್ಯಾಡಗಿಯ ಬಸ್ಸು ಹತ್ತಿ ಮಗಳನ್ನು ನೋಡಿ ಬರುತ್ತಿದ್ದರು. ಅದನ್ನು ಕೇಳಿದಾಗ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಆದರೆ ತಪ್ಪು ಖೊಟ್ಟಿ ಮಾಲು ತಂದವನದು, ಹೇಳಿದವನದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ಹೋದದ್ದು ಕುಮಾರಪಟ್ಟಣದಲ್ಲಿ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಅಲ್ಲಿಯ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಮರದ ತಿರುಳಿನಿಂದ ನೂಲಿನ ಎಳೆ ತೆಗೆಯುವ ದೊಡ್ಡ ಕಾರ್ಖಾನೆ. ಪ್ರಯೋಗಶಾಲೆಯ ಹಿರಿಯ ರಸಾಯನಜ್ಞರು ಕುಲಕರ್ಣಿ ಎಂಬುವರು, ಸ್ಕಾಟ್ಲೆಂಡಿನಲ್ಲಿ ಎರಡು ವರ್ಷ ಓದಿ ಬಂದವರು. ಹುಡುಗರಿಗೆ ಒಂದೊಂದೇ ಸೀಸೆ ತೋರಿಸುತ್ತ ಬಂದವರು ಫಿನಾಲ್ ಸೀಸೆಯ ಮುಚ್ಚಳ ತೆಗೆದು ನನ್ನ ಕಡೆ ಹಿಡಿದು ನಕ್ಕರು. "ಸರ್, ಈ ವಾಸನಿ ಬಂದರ ನನಗ ಸ್ಕಾಟ್ಲೆಂಡ್ ನೆನಪಾಗತದ."

ನಾನು ಯಾಕೆ ಎಂದೆ. ಕೇಳಬಾರದಿತ್ತು.

"ಅಲ್ಲಿ ಸಮುದ್ರದ ದಂಡಿಯೊಳಗ ಕೆಲವು ದ್ವೀಪ ಅವ ನೋಡ್ರಿ. ಗಿಡಾ ಮರಾ ಕಡಿಮಿ. ಜೌಗು ನೆಲದಾಗ ಸಾವಿರಾರು ವರ್ಷದಿಂದ ಹುಲ್ಲು ಪಾಚಿ ಅರ್ಧ ಕೊಳತು ಕರ್ರಗ ಗಟ್ಟಿಯಾಗಿ ಕೂತಿರತದ. ಪೀಟ್ ಅಂತಾರ. ಅದನ್ನ ಇಟ್ಟಂಗಿ ಹಂಗ ಕೊಯ್ದು, ನಾವು ಸಗಣಿ ಕುಳ್ಳು ಒಣಗಸಿದಂಗ ಒಣಗಸಿ, ಒಲಿಗೆ ಹಾಕತಾರ. ಮೊಳಕಿ ಬಂದ ಬಾರ್ಲಿ ಅದರ ಹೊಗಿಯೊಳಗ ಒಣಗತದ. ಆ ಹೊಗಿಯೊಳಗಿನ ಫಿನಾಲ್ ಕಾಳಿಗೆ ಹತ್ತಿ, ಕಾಳಿನಿಂದ ವಿಸ್ಕಿಗೆ ಬರತದ. ಮೊದಲನೇ ಸಲ ಮೂಸಿದವರು ದವಾಖಾನಿ ಅಂತಾರ. ಆದರ ಗೊತ್ತಿದ್ದವರಿಗೆ ಅದರಷ್ಟು ಶ್ರೇಷ್ಠ ಇನ್ನೊಂದಿಲ್ಲ. ಎಷ್ಟು ಫಿನಾಲ್ ಅದ ಅಂತ ಅಳದು ಹೆಮ್ಮಿಲೆ ಹೇಳಿಕೋತಾರ. ನಮ್ಮಲ್ಲೆ ಕುಳ್ಳಿನ ಹೊಗಿಯೊಳಗ ಸಣ್ಣ ಉರಿಲೆ ಕಾಸಿದ ಹಾಲಿಗೆ ಒಂದು ವಾಸನಿ ಇರತದಲ್ಲರಿ, ಹಂಗ ಅಂತ ತಿಳೀರಿ."

ಆ ಹಾಲನ್ನು ನಾನು ಬಲ್ಲೆ. ನಮ್ಮ ಅಜ್ಜಿಯ ಮನೆಯಲ್ಲಿ ಅದರ ಕೆನೆಗಾಗಿ ಜಗಳಾಡಿದವನು ನಾನು. ಯಾರಾದರೂ ಅದನ್ನು ಮೂಸಿ 'ಸಗಣಿ ಬೆರೆಸಿದ್ದಾರೆ' ಎಂದಿದ್ದರೆ ನನಗೆ ಹೇಗಾಗುತ್ತಿತ್ತು? ಕುಲಕರ್ಣಿಯವರು ಮುಂದಿನ ಸೀಸೆಗೆ ಹೋದರು. ನಾನು ಅಲ್ಲೇ ನಿಂತೆ. ನನ್ನ ಜೀವನದಲ್ಲಿ ಮೂಗು ಒಂದೇ ಒಂದು ಸಲ ನಿಖರವಾಗಿ ಕೆಲಸ ಮಾಡಿತ್ತು. ಫಿನಾಲ್ ಎಂದದ್ದು ಸರಿಯೇ. ಇದ್ದ ವಸ್ತುವನ್ನು ಸರಿಯಾಗಿ ಹೇಳಿ, ತಂದ ಮನುಷ್ಯನನ್ನು ತಪ್ಪಾಗಿ ಹೇಳಿದ್ದೆ. ಒಬ್ಬ ವಿದ್ಯಾರ್ಥಿ ಬಂದು, "ಸರ, ಮುಖಾ ಯಾಕ ಹಂಗಾತು, ಗಾಳಿಗೆ ಹೋಗೋಣೇನ್ರಿ?" ಎಂದ. ತುಂಗಭದ್ರೆಯ ದಂಡೆಯಲ್ಲಿ ಗಾಳಿಗೇನೂ ಕೊರತೆಯಿರಲಿಲ್ಲ. ನನಗೆ ಅದು ಸಾಲಲಿಲ್ಲ.

ಮನೆಗೆ ಬಂದು ಸುಮಿತ್ರಾಗೆ ಹೇಳಿದೆ. ಆಕೆ ಹಿಂದಿನ ಮಾತು ಎತ್ತಿ ಹಂಗಿಸಲಿಲ್ಲ. "ನಡೀರಿ, ಅಂಗಿ ಹಾಕ್ಕೋರಿ, ವಕೀಲರ ಮನಿಗೆ ಹೋಗಿ ಹೇಳಿ ಬರ್ರಿ," ಎಂದಳು. ಇಂದು ದಣಿದಿದ್ದೇನೆ ಎಂದೆ. ಮರುದಿನ ಪರೀಕ್ಷೆಯ ಪತ್ರಿಕೆಗಳಿದ್ದವು. ಆ ಮುಂದಿನ ವಾರ ವಕೀಲರಿಗೆ ದೊಡ್ಡ ಖಟ್ಲೆ ಇತ್ತು, ತೊಂದರೆ ಕೊಡಬಾರದೆನ್ನಿಸಿತು. ಹೀಗೆ ಆರು ವಾರ ನಾನು ವಕೀಲರ ಮನೆ ತಪ್ಪಿಸಲು ಓಣಿಯ ಹಿಂದಿನಿಂದ ಸುತ್ತಿ ಕಾಲೇಜಿಗೆ ಹೋದೆ. ಆಗ ಬಂದ ಅಮಾವಾಸ್ಯೆಯಂದು ಅಂಬಕ್ಕ ಕೈಚೀಲ ಹಿಡಿದು ನಮ್ಮ ಮನೆಯ ಮುಂದೆಯೇ ಹಾದುಹೋದರು. ದಾರಿಯಲ್ಲಿ ಎರಡು ಸಲ ಚೀಲ ಕೆಳಗಿಟ್ಟು ಸೊಂಟ ಹಿಡಿದು ನಿಂತರು. ಸುಮಿತ್ರಾ ಕಿಟಕಿಯಿಂದ ನೋಡುತ್ತಿದ್ದಳು. ಹೋಗಿ ನನ್ನ ಅಂಗಿ ತಂದು ಕುರ್ಚಿಯ ಮೇಲೆ ಹಾಕಿದಳು.

ಸಂಜೆ ನಾನು ಹೋದಾಗ ದೇಸಾಯರು ಅದೇ ಕೋಣೆಯಲ್ಲಿ ಕಡತ ನೋಡುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ, ಪೀಟು, ಕುಳ್ಳು, ಕುಲಕರ್ಣಿ, ಎಲ್ಲ. ಪುಣೆಯಲ್ಲಿ ರುಚಿ ನೋಡಿದ್ದು ಸುಳ್ಳು ಎಂಬುದನ್ನೂ ಹೇಳಿದೆ. ಸಿಟ್ಟಾಗುತ್ತಾರೆ, ಬಯ್ಯುತ್ತಾರೆ, ಅದು ನನಗೆ ಒಳ್ಳೆಯದೇ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾಸ್ತರ, ನೀವು ಬರೂಕಿಂತ ಮೊದಲ ಆ ಹುಡುಗ ನನಗ ಎಲ್ಲಾ ತಿಳಿಸಿ ಹೇಳಿದ್ದ. ಹೊಗಿ, ಬಾರ್ಲಿ, ಎಲ್ಲಾ. ಅವನ ಮಾತು ಖರೇ ಅಂತ ನನಗ ಅನಿಸಿತ್ತು."

"ಮತ್ತ ನನ್ನ ಯಾಕ ಕರದ್ರಿ?"

"ಖರೇ ಅಂತ ಅನಿಸಿತ್ತು, ಅದಕ್ಕ ಕರದೆ. ಅವನ ಮ್ಯಾಲೆ ಸಿಟ್ಟು ಇಳದುಬಿಡತದ ಅಂತ ಹೆದರಿಕಿ ಆತು ನನಗ. ನಾಲ್ಕು ವರ್ಷ ಹಿಡಕೊಂಡಿದ್ದೆ ನೋಡ್ರಿ. ಒಂದು ನೆಪಾ ಬೇಕಾಗಿತ್ತು. ನೀವು ಕೊಟ್ರಿ."

ಆರು ವಾರ ನಾನು ಹೊತ್ತು ತಿರುಗಿದ ಪಾಪದಲ್ಲಿ ಅರ್ಧ ಅವರದಾಗಿತ್ತು. ಆದರೂ ಅದು ಹಗುರಾಗಲಿಲ್ಲ. ಕೊಡಲಿ ಬೇಕಾದವನಿಗೆ ಕಾವು ಒದಗಿಸಿದವನು ನಾನೇ ತಾನೆ. ಅಂಬಕ್ಕ ಆಗ ಕಾಗಿನೆಲೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿದ್ದರೋ ಗೊತ್ತಿಲ್ಲ. ಖಾಲಿ ಚೀಲ ಮಡಚುತ್ತ, "ಎರಡು ವರ್ಷದ ಪುಣ್ಯಾ ಕೂಡಿ ಬಿಟ್ಟದ ನನಗ, ಇನ್ನ ಸಾಕು. ಬರೂ ಐತವಾರ ನಾ ನೆಟ್ಟಗ ಬ್ಯಾಡಗಿ ಬಸ್ ಹತ್ತಾಕಿ. ಯಾರ ಬರತೀರಿ ಬರ್ರಿ," ಎಂದರು.

ಭಾನುವಾರ ನಾವು ನಾಲ್ವರೂ ಹೋದೆವು, ಅಂಬಕ್ಕ, ದೇಸಾಯರು, ಸುಮಿತ್ರಾ, ನಾನು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಬಸ್ಸಿಳಿದವರೆಲ್ಲ ಸೀನುತ್ತಿದ್ದರು. ಮೋಹನ ರಜೆಯ ಮೇಲೆ ಬಂದಿದ್ದ. ಬಾಗಿಲು ತೆರೆದವನು ಮೊದಲು ಅತ್ತೆಯನ್ನು ಕಂಡು ನಕ್ಕ, ಹಿಂದೆ ನಿಂತ ಭಾವನನ್ನು ಕಂಡು ಸರಿದು ದಾರಿ ಬಿಟ್ಟ, ಅವರ ಹಿಂದೆ ಸೀನುತ್ತಿದ್ದ ನನ್ನನ್ನು ಕಂಡು, "ಬರ್ರಿ ಸರ, ಕುಂದರ್ರಿ," ಎಂದ. ನಾನು ಕೂರುವ ಮೊದಲೇ ಕ್ಷಮೆ ಕೇಳಿದೆ. ಎರಡು ಸೀನು ನಡುವೆ ಬಂದದ್ದರಿಂದ ಮಾತು ಅಷ್ಟು ಘನವಾಗಿ ಬರಲಿಲ್ಲ.

ಅವನು, "ಇರಲಿ ಬಿಡ್ರಿ ಸರ. ನಾನೂ ಮೊದಲನೇ ಸಲ ಕುಡದಾಗ ಕಡಲಿಗೆ ಉಗುಳಿದ್ದೆ. ನೀವು ಹೇಳಿದ್ರಾಗ ಸುಳ್ಳೇನಿಲ್ಲ, ಫಿನಾಲ್ ಇರತೈತಿ," ಎಂದ. ಆಮೇಲೆ ಯಾರ ಕಡೆಯೂ ನೋಡದೆ, "ಅದು ನಾ ಕೊಂಡಿದ್ದಲ್ಲರಿ. ನಮ್ಮ ಹಡಗಿನ ಮುಖ್ಯ ಇಂಜಿನಿಯರ್ ಆ ಸ್ಕಾಚ್ ಮಾಡೂ ದ್ವೀಪದಾಂವ. ನನ್ನ ಮದುವಿ ಸುದ್ದಿ ಕೇಳಿ ಕೊಟ್ಟಿದ್ದ. ನಿಮ್ಮ ಮನಿಯವರ ಜೋಡಿ ಕೂತು ತೆಗಿ ಅಂದಿದ್ದ. ನಾಲ್ಕು ವರ್ಷ ತೆಗೀಲಾರದ ಇಟ್ಟಿದ್ದೆ," ಎಂದ.

ದೇಸಾಯರು ಎದ್ದರು. ಆ ದೊಡ್ಡ ಗಂಟಲಿನ ಮನುಷ್ಯ ಮೋಹನನ ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟರು. ಏನೋ ಹೇಳಲು ಹೋಗಿ ಕೆಮ್ಮಿದರು. ಶಾಂತಾ ಅಡುಗೆಮನೆಯ ಬಾಗಿಲಿನಿಂದ, "ಖಾರದ ಘಾಟಣ್ಣ, ನೀರು ಕುಡಿ," ಎಂದು ತಂಬಿಗೆ ಕೊಟ್ಟಳು. ಅವರು ಪೂರ್ತಿ ತಂಬಿಗೆ ಕುಡಿದು, "ಶಾಂತಾ, ಊಟಕ್ಕ ಏನು ಮಾಡೀದಿ?" ಎಂದರು. ಆರು ವರ್ಷಗಳಲ್ಲಿ ಆ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು. ಆಕೆ ಖಾಲಿ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು, ಹಿಂದೆಯೇ ಅಂಬಕ್ಕನೂ ಸುಮಿತ್ರಾಳೂ ಹೋದರು. ಶಾಂತಾ ಅಂದು ನನಗೆ ಮೂರು ಸಲ ಅನ್ನ ಬಡಿಸಿದಳು. ಒಂದು ಸಲವೂ ಮುಖ ನೋಡಿ ಮಾತಾಡಲಿಲ್ಲ. ಅದು ಆಕೆಯ ಹಕ್ಕು.

ಊಟವಾದ ಮೇಲೆ ಎಲೆಅಡಿಕೆ ಹಾಕುತ್ತ ಮೋಹನ ಆಸೆಯಿಂದ ಕೇಳಿದ: "ಸರ, ವಾಸನಿ ಮಾತು ಬಿಡ್ರಿ. ಅವತ್ತು ಆ ಬಾಟ್ಲಿ ರುಚಿ ನೋಡಿದಾಂವ ನೀವೊಬ್ಬರ. ಮೊದಲ ಹೊಗಿ ಬರತೈತಿ, ಆಮ್ಯಾಲೆ ಉಪ್ಪು, ಕಡೀಕ ನಾಲಿಗಿ ತುದಿಗೆ ಸಣ್ಣಗ ಸಿಹಿ ಉಳಿತೈತಿ. ಆ ಸಿಹಿ ನಿಮಗ ಹತ್ತಿತ್ತೇನ್ರಿ?"

ಇಲ್ಲಿ ಓದುಗರಿಗೂ ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಅಂದು ದೇಸಾಯರ ಕೋಣೆಯಲ್ಲಿ ಲೋಟ ತುಟಿಗೆ ಹಚ್ಚಿದೆನಲ್ಲ, ಆಗ ನನ್ನ ತುಟಿಗಳು ಅಂಚೆ ಚೀಟಿ ಅಂಟಿಸಿದಂತೆ ಮುಚ್ಚಿದ್ದವು. ಹೆದರಿಕೆಗೆ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಗಂಟಲು ಆಡಿಸಿದ್ದು ನನ್ನದೇ ಎಂಜಲಿಗೆ. ಅದನ್ನು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. ಮೋಹನನ ಕಣ್ಣು ನೋಡಿದೆ. ಆ ಬಾಟಲಿ ಹೇಗಿತ್ತೆಂದು ಲೋಕದಲ್ಲಿ ಅವನಿಗೆ ಹೇಳಬಲ್ಲವನು ಬೇರೆ ಯಾರೂ ಇರಲಿಲ್ಲ.

"ಹತ್ತಿತ್ತು," ಎಂದೆ. "ಕಡೀಕ. ಸಣ್ಣಗ. ಬೆಲ್ಲದ ಹಂಗ."

ಅವನ ಮುಖ ಅರಳಿತು. "ನೋಡ್ರಿ ಭಾವ," ಎಂದ ದೇಸಾಯರಿಗೆ, "ಸರಗ ಅವತ್ತ ಗೊತ್ತಾಗಿತ್ತು."

ಸಂಜೆಯ ಬಸ್ಸಿನಲ್ಲಿ ತಾಯಿ ಮಗ ಮುಂದಿನ ಸೀಟಿನಲ್ಲಿ ಕೂತರು, ನಾವಿಬ್ಬರು ಹಿಂದೆ. ಸುಳ್ಳು ತೀರ್ಪಿಗೆ ಕ್ಷಮೆ ಕೇಳಲು ಹೋದವನು ಅಲ್ಲಿಯೂ ಒಂದು ತೀರ್ಪು ಕೊಟ್ಟೇ ಬಂದೆನಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಈ ಸಲದ್ದರಿಂದ ಯಾರಿಗೂ ನೋವಾಗಲಿಲ್ಲವಲ್ಲ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಿದ್ದೆ. ಸುಮಿತ್ರಾ ಮೆಣಸಿನ ಘಾಟಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮುಂದಿನವರಿಗೆ ಕೇಳಿಸದಂತೆ ನನ್ನ ಕಡೆ ಬಾಗಿ ಹೇಳಿದಳು:

"ಅವತ್ತ ನೀವು ಮನಿಗೆ ಬಂದಾಗ ಮೀಸಿ ಅಷ್ಟ ನಾರತಿತ್ರಿ. ಬಾಯಿ ನಾರತಿರಲಿಲ್ಲ."

ಬಸ್ಸು ಮೋಟೆಬೆನ್ನೂರು ದಾಟುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.